ಕಟ್ಟ, ಸುರಂಗ, ನೆರೆಕರೆ ಕೂಟ: ಕಾಸರಗೋಡಿನ ಊರುಗಳು ಕಷ್ಟಕಾಲಕ್ಕೆ ಸಜ್ಜಾಗುವ ಬಗೆ

ಬರ, ನೆರೆ, ಬೆಳೆರೋಗ, ಬೆಲೆ ಕುಸಿತ, ಸಾಂಕ್ರಾಮಿಕ ರೋಗ. ಇವುಗಳಲ್ಲಿ ಯಾವುದು ಬಂದರೂ ಸರಕಾರದ ನೆರವು ತಲುಪುವ ತನಕ ಊರಿನವರೇ ಊರನ್ನು ಕಾಯಬೇಕಾಗುತ್ತದೆ. ಪೆಟ್ಟು ಬಿದ್ದಾಗ ತಡೆದುಕೊಳ್ಳುವ, ಬಿದ್ದರೂ ಬೇಗ ಏಳುವ ಈ ಶಕ್ತಿಯನ್ನು ಊರಿನ ತಾಳಿಕೆ ಎನ್ನಬಹುದು. ಇದು ಒಬ್ಬರ ಹಣದಿಂದಾಗಲಿ ಒಂದು ಯೋಜನೆಯಿಂದಾಗಲಿ ಬರುವುದಿಲ್ಲ. ನೀರು, ದುಡ್ಡು, ಆರೋಗ್ಯ, ಮಾಹಿತಿ ಇವುಗಳನ್ನು ಊರಿನವರು ಒಟ್ಟಾಗಿ ನೋಡಿಕೊಳ್ಳುವ ಅಭ್ಯಾಸ ಇದ್ದಲ್ಲಿ ಮಾತ್ರ ಬೆಳೆಯುತ್ತದೆ.

ಇದಕ್ಕೆ ಗಡಿನಾಡು ಕಾಸರಗೋಡು ಒಳ್ಳೆಯ ಉದಾಹರಣೆ. ಇಲ್ಲಿ ತಲೆಮಾರುಗಳಿಂದ ಬಂದ ಕಟ್ಟ, ಸುರಂಗ, ಮದಕಗಳಿವೆ. ಐವತ್ತು ವರ್ಷ ದಾಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಇದೆ. 1990ರ ದಶಕದ ನಂತರ ಬಂದ ಜನಕೀಯ ಯೋಜನೆ ಮತ್ತು ಕುಟುಂಬಶ್ರೀ ಇವೆ. ಎಂಡೋಸಲ್ಫಾನ್‌ನಂತಹ ದೊಡ್ಡ ದುರಂತದ ಅನುಭವವೂ ಇದೆ. ಇವುಗಳಲ್ಲಿ ಯಾವುದು ಉಳಿದಿದೆ, ಯಾವುದು ಅಳಿಯುತ್ತಿದೆ ಮತ್ತು ಬೇರೆ ಗಡಿ ಹಳ್ಳಿಗಳು ಇದರಿಂದ ಏನು ಕಲಿಯಬಹುದು ಎಂಬುದರ ಪರಿಚಯ ಇಲ್ಲಿದೆ.

ಮಳೆ ಧಾರಾಳ, ನೀರು ವಿರಳ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಚಂದ್ರಗಿರಿ (ಪಯಸ್ವಿನಿ), ಶಿರಿಯಾ, ಉಪ್ಪಳ, ಮೊಗ್ರಾಲ್, ಮಂಜೇಶ್ವರ ಮುಂತಾದ ಹೊಳೆಗಳು ಇಲ್ಲಿ ಹರಿಯುತ್ತವೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ.

ಈ ಲೆಕ್ಕದಲ್ಲಿ ಒಂದು ಎಕ್ರೆ ಜಾಗದ ಮೇಲೆ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ಲೀಟರ್ ನೀರು ಬಿದ್ದಂತಾಯಿತು. ಸಾವಿರ ಚದರ ಅಡಿಯ ಮಾಡಿನ ಮೇಲೆ ಮಾತ್ರ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಹಾಗಿದ್ದರೂ ಫೆಬ್ರವರಿ, ಮಾರ್ಚ್ ಬಂತೆಂದರೆ ಬಾವಿಗಳು ತಳ ಕಾಣುತ್ತವೆ, ಟ್ಯಾಂಕರ್ ನೀರಿಗೆ ಕೊಡ ಹಿಡಿದು ಕಾಯಬೇಕಾಗುತ್ತದೆ.

ಕಾರಣ ಸ್ಪಷ್ಟ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಗುಡ್ಡೆಯಿಂದ ಕಡಲಿಗೆ ಇರುವ ದೂರ ಕಡಿಮೆ, ಇಳಿಜಾರು ಜಾಸ್ತಿ. ಮುರಕಲ್ಲಿನ ಗುಡ್ಡೆಗಳು ನೀರನ್ನು ಹೀರಿದರೂ ಹೆಚ್ಚು ಕಾಲ ಹಿಡಿದಿಡುವುದಿಲ್ಲ. ಗುಡ್ಡೆಯ ಮರಗಿಡಗಳನ್ನು ಕಡಿದಲ್ಲಿ, ಕಲ್ಲುಕೋರೆಗಳು ಎದ್ದಲ್ಲಿ ನೀರು ಇಂಗುವ ಪ್ರಮಾಣವೂ ಕುಗ್ಗುತ್ತದೆ. ಹೀಗಾಗಿ ಬಿದ್ದ ನೀರನ್ನು ಬೇಸಿಗೆಯ ತನಕ ಹಿಡಿದಿಡುವುದೇ ಇಲ್ಲಿನ ಹಿರಿಯರು ಬಿಡಿಸಿದ ಲೆಕ್ಕವಾಗಿತ್ತು.

ಕಟ್ಟ: ಊರೇ ಸೇರಿ ಕಟ್ಟುವ ತಡೆ

ತೋಡು ಅಥವಾ ಹೊಳೆಗೆ ಅಡ್ಡಲಾಗಿ ಬೇಸಿಗೆಗೆಂದು ಮಾತ್ರ ಕಟ್ಟುವ ತಾತ್ಕಾಲಿಕ ಒಡ್ಡಿಗೆ ಕಟ್ಟ ಎಂದು ಹೆಸರು. ಹಿಂಗಾರು ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಜನವರಿಯೊಳಗೆ ಕಟ್ಟ ಹಾಕುತ್ತಾರೆ. ಕಾಡುಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪು ಹಳೆಯ ಸಾಮಗ್ರಿಗಳು. ಎರಡು ಸಾಲು ಕಲ್ಲಿನ ನಡುವೆ ಹದವಾಗಿ ನೆನೆಸಿ ತುಳಿದ ಮಣ್ಣು ತುಂಬಿಸುವುದು ಇದರ ಮುಖ್ಯ ಕೆಲಸ. ಮಣ್ಣಿನ ಹದ ತಪ್ಪಿದರೆ ಕಟ್ಟ ಸೋರುತ್ತದೆ. ಈಚಿನ ವರ್ಷಗಳಲ್ಲಿ ಮರಳು ಚೀಲ, ಪ್ಲಾಸ್ಟಿಕ್ ಹಾಳೆ ಬಳಸುವವರು ಹೆಚ್ಚಿದ್ದಾರೆ. ಸಿಮೆಂಟಿನ ಕಂಬಗಳ ನಡುವೆ ಹಲಗೆ ಇಳಿಸುವ ಕಿಂಡಿ ಅಣೆಕಟ್ಟುಗಳೂ ಬಂದಿವೆ. ಪತ್ತನಾಜೆ ಕಳೆದು ಮುಂಗಾರು ಬಿರುಸಾಗುವ ಹೊತ್ತಿಗೆ ಕಟ್ಟವನ್ನು ಬಿಡಿಸುತ್ತಾರೆ, ಇಲ್ಲವೇ ಮೊದಲ ನೆರೆಯೇ ಕೊಚ್ಚಿಕೊಂಡು ಹೋಗುತ್ತದೆ.

ಕಟ್ಟದಲ್ಲಿ ನಿಂತ ನೀರು ಕಾಣುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ತೋಡಿನ ಎರಡೂ ದಡಗಳಲ್ಲಿ ನೀರು ಇಂಗಿ ಸುತ್ತಲಿನ ಬಾವಿ, ಕೆರೆಗಳ ಮಟ್ಟ ಏರುತ್ತದೆ. ತೋಟಕ್ಕೆ ಪಂಪು ಓಡಿಸುವ ಹೊತ್ತು ಕಡಿಮೆಯಾಗುತ್ತದೆ. ಕಡಲಿಗೆ ಹತ್ತಿರದ ಊರುಗಳಲ್ಲಿ ಇನ್ನೊಂದು ಲಾಭವಿದೆ: ಬೇಸಿಗೆಯಲ್ಲಿ ಹೊಳೆಯೊಳಗೆ ಏರಿ ಬರುವ ಉಪ್ಪುನೀರನ್ನು ಕಟ್ಟ ತಡೆಯುತ್ತದೆ. ಚಂದ್ರಗಿರಿ ಹೊಳೆಯ ಬಾವಿಕ್ಕರೆಯಲ್ಲಿ ಕಾಸರಗೋಡು ಪೇಟೆಯ ಕುಡಿಯುವ ನೀರಿಗೆ ಉಪ್ಪು ಸೇರದಂತೆ ಬಹುಕಾಲ ವರ್ಷವೂ ಮರಳು ಚೀಲದ ತಾತ್ಕಾಲಿಕ ತಡೆ ಹಾಕಬೇಕಾಗುತ್ತಿತ್ತು. ನಂತರವಷ್ಟೇ ಅಲ್ಲಿ ಶಾಶ್ವತ ತಡೆ ಬಂತು.

ಒಂದೇ ತೋಡಿಗೆ ಸಾಲಾಗಿ ಹಲವು ಕಟ್ಟಗಳನ್ನು ಹಾಕಿದಾಗ ಪ್ರಯೋಜನ ಹಲವು ಪಾಲು ಹೆಚ್ಚುತ್ತದೆ. ಒಂದು ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡದ ತನಕ ನಿಲ್ಲುವಂತೆ ಜಾಗ ಆರಿಸಬೇಕು. ಕುಂಬ್ಡಾಜೆ ಪಂಚಾಯತಿನ ಏತಡ್ಕದ ಕಟ್ಟಗಳ ಸಾಲು ಇದಕ್ಕೆ ಹೆಸರಾಗಿದೆ. ಅಲ್ಲಿನ ಕೃಷಿಕರು ತೋಡಿನ ಉದ್ದಕ್ಕೂ ಕಟ್ಟ ಹಾಕುವ ಪದ್ಧತಿಯನ್ನು ಬಿಡದೆ ನಡೆಸಿಕೊಂಡು ಬಂದುದನ್ನು ನೋಡಲು ದೂರದ ಊರುಗಳಿಂದ ಜನ ಬಂದಿದ್ದಾರೆ.

ಆದರೆ ಕಟ್ಟದ ಕಷ್ಟವೂ ಇಲ್ಲೇ ಇದೆ. ಮೇಲಿನ ಕಟ್ಟ ತುಂಬಿ ಹೊರಳಿದ ನೀರೇ ಕೆಳಗಿನ ಕಟ್ಟಕ್ಕೆ ಬರುವುದು. ಮೇಲಿನವರು ತಡವಾಗಿ ಕಟ್ಟಿದರೆ ಕೆಳಗಿನವರಿಗೆ ನೀರಿಲ್ಲ. ಇಂಗಿದ ನೀರು ಬೇಲಿ ನೋಡುವುದಿಲ್ಲ. ಕೆಲಸಕ್ಕೆ ಬಾರದ, ಪಾಲು ಕೊಡದ ಮನೆಯ ಬಾವಿಯೂ ತುಂಬುತ್ತದೆ. ಹೀಗಾಗಿ ಕೆಲವರು ಬೆವರು ಸುರಿಸಿ ಉಳಿದವರು ಲಾಭ ಪಡೆಯುವ ಸ್ಥಿತಿ ಬಂದರೆ ಎರಡು ಮೂರು ವರ್ಷದಲ್ಲಿ ಕಟ್ಟ ನಿಲ್ಲುತ್ತದೆ. ಕಟ್ಟ ಉಳಿದಿರುವ ಕಡೆಗಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳು ಕಾಣುತ್ತವೆ. ದಿನ ಮೊದಲೇ ನಿಗದಿಯಾಗಿರುತ್ತದೆ. ತೋಟದ ವಿಸ್ತಾರಕ್ಕೆ ತಕ್ಕಂತೆ ಆಳು ಅಥವಾ ಹಣದ ಪಾಲು ನಿರ್ಧಾರವಾಗಿರುತ್ತದೆ. ಲೆಕ್ಕ ಎಲ್ಲರ ಎದುರು ಓದಿ ಹೇಳಲಾಗುತ್ತದೆ. ಕಲ್ಲು ಮಣ್ಣಿಗಿಂತ ಈ ಒಪ್ಪಂದವೇ ಕಟ್ಟದ ಅಡಿಪಾಯ.

ಸುರಂಗ ಮತ್ತು ಮದಕ

ಗುಡ್ಡೆಯ ಮಗ್ಗುಲಿಗೆ ಅಡ್ಡಲಾಗಿ ಕೊರೆದು ಒಳಗಿನ ಒರತೆಯನ್ನು ಹೊರತರುವ ವಿಧಾನವೇ ಸುರಂಗ. ಬಾವಿ ಕೆಳಕ್ಕೆ ಹೋದರೆ ಸುರಂಗ ಒಳಕ್ಕೆ ಹೋಗುತ್ತದೆ. ಒಬ್ಬ ಆಳು ಬಗ್ಗಿ ನಡೆಯುವಷ್ಟು ಅಗಲ, ಎತ್ತರ ಇರುತ್ತದೆ. ಉದ್ದವನ್ನು ಕೋಲಿನಲ್ಲಿ ಅಳೆಯುವುದು ವಾಡಿಕೆ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಕೆಲವು ಸುರಂಗಗಳು ಹತ್ತಿಪ್ಪತ್ತು ಕೋಲಿಗೇ ನೀರು ಕೊಟ್ಟರೆ ಕೆಲವು ನೂರು ಕೋಲು ದಾಟಿವೆ. ಕಾಸರಗೋಡು ಮತ್ತು ನೆರೆಯ ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡೆಗಳಲ್ಲಿ ಇಂತಹ ಸಾವಿರಾರು ಸುರಂಗಗಳಿವೆ. ಬಾಯಾರಿನ ಸುತ್ತಮುತ್ತ ಇವು ವಿಶೇಷವಾಗಿ ಹೆಚ್ಚು.

ಸುರಂಗ ತೋಡುವುದು ಅಪಾಯದ, ತಾಳ್ಮೆಯ ಕೆಲಸ. ಪಿಕ್ಕಾಸು ಹಿಡಿದವನು ಒಳಗೆ ಕೊರೆಯುತ್ತಾನೆ, ಇನ್ನೊಬ್ಬ ಮಣ್ಣು ಹೊರಹಾಕುತ್ತಾನೆ. ಬೆಳಕಿಗೆ ಮೇಣದ ಬತ್ತಿ ಅಥವಾ ಎಣ್ಣೆ ದೀಪ. ದೀಪ ಮಂಕಾದರೆ ಒಳಗೆ ಉಸಿರಾಟಕ್ಕೆ ಗಾಳಿ ಸಾಲದು ಎಂದು ತಿಳಿದು ಹೊರಗೆ ಬರಬೇಕು. ಮಣ್ಣಿನ ತೇವ, ಗಿಡಗಳ ಜಾತಿ, ಕಲ್ಲಿನ ಬಣ್ಣ ನೋಡಿ ಎಲ್ಲಿ ಕೊರೆಯಬೇಕೆಂದು ನಿರ್ಧರಿಸುವ ಜ್ಞಾನ ಕೆಲವೇ ಕೆಲವು ಹಿರಿಯ ಕೆಲಸಗಾರರಲ್ಲಿ ಉಳಿದಿದೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಕೇಪುವಿನ ಅಮೈ ಮಹಾಲಿಂಗ ನಾಯ್ಕರು ಒಣ ಗುಡ್ಡೆಯಲ್ಲಿ ಒಬ್ಬರೇ ಒಂದರ ಮೇಲೊಂದು ಸುರಂಗ ಕೊರೆದು, ಹಲವು ಸಲ ಸೋತು, ಕೊನೆಗೆ ನೀರು ಕಂಡು ತೋಟ ಮಾಡಿದವರು. ಅವರಿಗೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಸುರಂಗದ ನೀರಿಗೆ ಪಂಪು ಬೇಡ, ವಿದ್ಯುತ್ ಬೇಡ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ ಇಳಿದು ಅಂಗಳದ ಟ್ಯಾಂಕಿಗೆ ಬೀಳುತ್ತದೆ. ತುಂಬಿದ ಟ್ಯಾಂಕಿಯಿಂದ ಮನೆಗೂ ತೋಟಕ್ಕೂ ನೀರು ಹೋಗುತ್ತದೆ. ಧಾರೆ ಸಣ್ಣದಾದರೂ ನಿಲ್ಲದೆ ಬರುವುದೇ ಇದರ ಗುಣ. ಆದರೆ ಸುರಂಗ ನೀರನ್ನು ಹೊರತರುತ್ತದೆಯೇ ಹೊರತು ಹೊಸದಾಗಿ ಸೃಷ್ಟಿಸುವುದಿಲ್ಲ. ಮೇಲಿನ ಗುಡ್ಡೆಯಲ್ಲಿ ಮಳೆನೀರು ಇಂಗದಿದ್ದರೆ ಸುರಂಗ ಒಣಗುತ್ತದೆ.

ಇಲ್ಲೇ ಮದಕಗಳ ಮಹತ್ವ. ಗುಡ್ಡೆಯ ಮೇಲ್ಭಾಗದ ತಗ್ಗಿಗೆ ಒಂದು ಬದಿಯಲ್ಲಿ ದರೆ ಕಟ್ಟಿ ಮಳೆನೀರು ನಿಲ್ಲಿಸುವ ಹಳೆಯ ಕೆರೆಗಳಿವು. ಮದಕದಲ್ಲಿ ನಿಂತ ನೀರು ಬೈಲಿನ ಬಾವಿ, ಸುರಂಗಗಳಿಗೆ ಒಸರುತ್ತದೆ. ಮದಕ ಯಾರದೋ ಒಬ್ಬರ ಜಾಗದಲ್ಲಿರುತ್ತದೆ, ಇಲ್ಲವೇ ಸರಕಾರಿ ಜಾಗದಲ್ಲಿರುತ್ತದೆ. ಲಾಭ ಕೆಳಗಿನ ಹತ್ತಾರು ಮನೆಗೆ. ಹೂಳೆತ್ತುವ ಜವಾಬ್ದಾರಿ ಯಾರದೆಂದು ತೀರ್ಮಾನವಾಗದೆ ಎಷ್ಟೋ ಮದಕಗಳು ತುಂಬಿಹೋಗಿ ಮೈದಾನಗಳಾಗಿವೆ.

ಕೊಳವೆ ಬಾವಿ ಬಂದ ಮೇಲೆ

ಕೊಳವೆ ಬಾವಿ ಬಂದ ಮೇಲೆ ಈ ವ್ಯವಸ್ಥೆ ಸಡಿಲವಾಯಿತು. ದುಡ್ಡಿದ್ದವರು ಒಂದೇ ದಿನದಲ್ಲಿ ನೀರು ತೆಗೆಯಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಕಟ್ಟದ ಕೆಲಸಕ್ಕೆ ಜನ ಸೇರುವುದು ಕಡಿಮೆಯಾಯಿತು, ಆಳಿನ ಕೊರತೆ ಹೆಚ್ಚಿತು, ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೂ ನಗರಗಳಿಗೂ ಹೋದರು. ಅಂತರ್ಜಲದ ಅಧಿಕೃತ ಲೆಕ್ಕಾಚಾರಗಳಲ್ಲಿ ಕಾಸರಗೋಡು ಬ್ಲಾಕ್ ಕೇರಳದಲ್ಲೇ ಹೆಚ್ಚು ಒತ್ತಡದ ಬ್ಲಾಕುಗಳಲ್ಲೊಂದಾಗಿ ಕಾಣಿಸಿಕೊಂಡಿದೆ. ಆಳದ ನೀರು ಖಾಲಿಯಾದರೆ ಮೊದಲು ಕಷ್ಟಕ್ಕೆ ಬೀಳುವವರು ಇನ್ನೊಂದು ಕೊಳವೆ ಬಾವಿ ಕೊರೆಸಲಾರದ ಸಣ್ಣ ಹಿಡುವಳಿದಾರರು.

ಎಣ್ಮಕಜೆ ಪಂಚಾಯತಿನ ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಅವರು ಕಟ್ಟ, ಸುರಂಗ, ಮದಕಗಳ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ನೀರ ನೆಮ್ಮದಿಗೆ ದಾರಿ ಊರೊಳಗೇ ಇದೆ ಎಂಬ ಅರಿವು ಕನ್ನಡ ಓದುಗರಲ್ಲಿ ಮೂಡಲು ಇಂತಹ ಬರಹಗಳು ಕಾರಣವಾದವು.

ಉದ್ಯೋಗ ಖಾತರಿಯ ಕೆಲಸದಲ್ಲೂ ತೋಡಿನ ಹೂಳೆತ್ತುವುದು, ಇಂಗುಗುಂಡಿ, ತಡೆಗಳಂತಹ ನೀರಿನ ಕಾಮಗಾರಿಗಳಿಗೆ ಅವಕಾಶ ಸಿಕ್ಕಿತು. 2005ರ ಕಾಯ್ದೆಯಡಿ ಈ ಯೋಜನೆ ಎರಡನೇ ಹಂತದಲ್ಲಿ, 2007ರಲ್ಲಿ ಕಾಸರಗೋಡಿಗೆ ಬಂತು. 2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿರುವುದರಿಂದ ಯಾವ ಕೆಲಸಕ್ಕೆ ಅವಕಾಶವಿದೆ, ಅರ್ಜಿ ಹೇಗೆ ಎಂಬುದನ್ನು ಪಂಚಾಯತು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಬೆಲೆ ಕುಸಿದಾಗ: ಕ್ಯಾಂಪ್ಕೊದ ಪಾಠ

ಊರಿಗೆ ಬರುವ ಪೆಟ್ಟು ಮಳೆಯಿಂದ ಮಾತ್ರ ಬರುವುದಲ್ಲ, ಮಾರುಕಟ್ಟೆಯಿಂದಲೂ ಬರುತ್ತದೆ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಪಾತಾಳಕ್ಕೆ ಇಳಿದಾಗ ಗಡಿಯ ಎರಡೂ ಬದಿಯ ಬೆಳೆಗಾರರು ಕಂಗಾಲಾದರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಂದೇ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. 1973ರ ಜುಲೈ 11ರಂದು ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಕ್ಯಾಂಪ್ಕೊ ಆರಂಭವಾಯಿತು.

ಸಂಸ್ಥೆ ನೇರವಾಗಿ ಅಡಿಕೆ ಖರೀದಿಗೆ ಇಳಿದುದರಿಂದ ವ್ಯಾಪಾರಿಗಳು ಮನಸ್ಸಿಗೆ ಬಂದ ಬೆಲೆ ಹೇಳುವುದಕ್ಕೆ ಕಡಿವಾಣ ಬಿತ್ತು. ಮುಂದೆ ಕೊಕ್ಕೊ ಕೊಳ್ಳುವವರಿಲ್ಲದೆ ಬೆಳೆಗಾರರು ಗಿಡ ಕಡಿಯುವ ಸ್ಥಿತಿ ಬಂದಾಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಕೈಹಾಕಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಶುರುವಾಯಿತು. ರಾಜ್ಯದ ಗಡಿ ಬೇರೆಯಾದರೂ ಬೆಳೆಯೂ ಕಷ್ಟವೂ ಒಂದೇ ಆಗಿದ್ದವು. ಗಡಿ ದಾಟಿದ ಸಂಘಟನೆ ಸಾಧ್ಯ ಎಂಬುದಕ್ಕೆ ಇದೊಂದು ದೊಡ್ಡ ನಿದರ್ಶನ.

ಆದರೂ ಒಂದೇ ಬೆಳೆಯನ್ನು ನೆಚ್ಚುವ ಅಪಾಯ ದೂರವಾಗಿಲ್ಲ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಮಳೆಗಾಲದ ಕೊಳೆರೋಗ ಅಡಿಕೆ ತೋಟಗಳನ್ನು ಕಾಡುತ್ತಿವೆ. ತೋಟದೊಳಗೆ ಕಾಳುಮೆಣಸು, ಕೊಕ್ಕೊ, ಬಾಳೆ, ಮನೆಯ ಹಿತ್ತಿಲಲ್ಲಿ ತರಕಾರಿ, ಹಟ್ಟಿಯಲ್ಲಿ ದನ ಇರುವ ಮನೆ ಒಂದು ವರ್ಷದ ನಷ್ಟವನ್ನು ತಡೆದುಕೊಳ್ಳುತ್ತದೆ. ಅಡಿಕೆಯೊಂದನ್ನೇ ನಂಬಿ ಸಾಲ ಮಾಡಿದ ಮನೆಗೆ ಅದು ಕಷ್ಟ.

ಕುಟುಂಬಶ್ರೀ: ಹತ್ತು ಮನೆಯ ಬಲ

1998ರ ಮೇ 17ರಂದು ಮಲಪ್ಪುರದಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಕುಟುಂಬಶ್ರೀಯನ್ನು ಉದ್ಘಾಟಿಸಿದರು. ಅದಕ್ಕೂ ಮೊದಲು ಆಲಪ್ಪುಳ ಮತ್ತು ಮಲಪ್ಪುರದಲ್ಲಿ ನಡೆದ ಮಹಿಳಾ ಸಂಘಗಳ ಪ್ರಯೋಗವೇ ಇದರ ಬೇರು. ಇಂದು ಕೇರಳದಲ್ಲಿ 40 ಲಕ್ಷಕ್ಕೂ ಹೆಚ್ಚು ಮಹಿಳೆಯರು ಇದರ ಸದಸ್ಯರು.

ಇದರ ರಚನೆ ಮೂರು ಮೆಟ್ಟಿಲಿನದು. ಮೊದಲನೆಯದು ನೆರೆಕರೆ ಕೂಟ (ಅಯಲ್ಕೂಟ್ಟಂ). ಹತ್ತಿರದ ಮನೆಗಳ 10ರಿಂದ 20 ಮಹಿಳೆಯರು ಇದರಲ್ಲಿರುತ್ತಾರೆ. ಒಂದು ಮನೆಗೆ ಒಬ್ಬರು. ಅಧ್ಯಕ್ಷೆ, ಕಾರ್ಯದರ್ಶಿಯಲ್ಲದೆ ಆದಾಯ, ಆರೋಗ್ಯ–ಶಿಕ್ಷಣ ಮತ್ತು ಮೂಲಸೌಕರ್ಯ ನೋಡಿಕೊಳ್ಳಲು ಒಬ್ಬೊಬ್ಬ ಸ್ವಯಂಸೇವಕಿ ಇರುತ್ತಾರೆ. ಎರಡನೆಯದು ವಾರ್ಡು ಮಟ್ಟದ ಎಡಿಎಸ್. ಮೂರನೆಯದು ಪಂಚಾಯತು ಮಟ್ಟದ ಸಿಡಿಎಸ್. 2021ರಿಂದ 18ರಿಂದ 40 ವಯಸ್ಸಿನ ಯುವತಿಯರಿಗಾಗಿ ಪೂರಕ ಗುಂಪುಗಳೂ ಬಂದಿವೆ.

ಕೂಟದ ಬಲ ಉಳಿತಾಯದಿಂದ ಶುರುವಾಗುತ್ತದೆ. 15 ಮಂದಿ ವಾರಕ್ಕೆ ತಲಾ 20 ರೂಪಾಯಿ ಹಾಕಿದರೆ ವರ್ಷಕ್ಕೆ 15,600 ರೂಪಾಯಿ ಆಗುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಮಗುವಿಗೆ ಜ್ವರ ಬಂದ ರಾತ್ರಿ, ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಬಡ್ಡಿ ವ್ಯಾಪಾರಿಯ ಬಾಗಿಲಿಗೆ ಹೋಗದೆ ಇರಲು ಅಷ್ಟು ಸಾಕು. ನಿಯಮಿತವಾಗಿ ಉಳಿಸಿ, ಸಾಲ ಕೊಟ್ಟು ವಸೂಲು ಮಾಡಿದ ಕೂಟಕ್ಕೆ ಬ್ಯಾಂಕಿನ ಸಾಲವೂ ಸಿಗುತ್ತದೆ. ನಾಲ್ಕರಿಂದ ಹತ್ತು ಮಂದಿ ಸೇರಿ ಹಡಿಲು ಬಿದ್ದ ಗದ್ದೆಯನ್ನು ಗೇಣಿಗೆ ಪಡೆದು ಬೇಸಾಯ ಮಾಡುವ ಸಂಘಕೃಷಿ, ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮಸೇನೆ, ಉಪ್ಪಿನಕಾಯಿ, ಹಪ್ಪಳದಂತಹ ಸಣ್ಣ ಉದ್ದಿಮೆಗಳು ಇದೇ ಬೇರಿನಿಂದ ಚಿಗುರಿದವು.

ಕಷ್ಟ ಬಂದಾಗ ಈ ಜಾಲದ ಬೆಲೆ ಗೊತ್ತಾಯಿತು. 2018ರ ಆಗಸ್ಟ್ ಮಹಾಪ್ರವಾಹದ ನಂತರ ಕೇರಳದ ಸಂತ್ರಸ್ತ ಕುಟುಂಬಗಳಿಗೆ ನೆರೆಕರೆ ಕೂಟಗಳ ಮೂಲಕವೇ ಒಂದು ಲಕ್ಷ ರೂಪಾಯಿ ತನಕದ ಸಾಲ ನೀಡಿ ಬಡ್ಡಿಯನ್ನು ಸರಕಾರ ಭರಿಸಿತು. 2020ರ ಕೊರೋನ ಕಾಲದಲ್ಲಿ ಪಂಚಾಯತುಗಳು ನಡೆಸಿದ ಸಾಮೂಹಿಕ ಅಡುಗೆ ಮನೆಗಳಲ್ಲಿ ಸೌಟು ಹಿಡಿದವರಲ್ಲಿ ಹೆಚ್ಚಿನವರು ಇದೇ ಮಹಿಳೆಯರು. ಯಾವ ಮನೆಯಲ್ಲಿ ಒಬ್ಬಂಟಿ ಅಜ್ಜಿ ಇದ್ದಾರೆ, ಯಾರಿಗೆ ಮದ್ದು ಮುಗಿದಿದೆ ಎಂಬುದು ಕಡತದಲ್ಲಿ ಇರಲಿಲ್ಲ, ಕೂಟದವರಿಗೆ ಗೊತ್ತಿತ್ತು.

ಗ್ರಾಮಸಭೆ ಮತ್ತು ಭಾಷೆ

1996ರ ಆಗಸ್ಟಿನಲ್ಲಿ ಕೇರಳ ಸರಕಾರ ಜನಕೀಯ ಯೋಜನೆಯನ್ನು ಆರಂಭಿಸಿ ಯೋಜನಾ ವೆಚ್ಚದ ಮೂರನೇ ಒಂದು ಪಾಲಿಗೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿಯೊಂದು ವಾರ್ಡಿಗೂ ಗ್ರಾಮಸಭೆ ಇದೆ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಮತದಾರರಲ್ಲಿ ಶೇಕಡಾ 10 ಮಂದಿ ಇದ್ದರೆ ಮಾತ್ರ ಕೋರಂ. ಮನೆ, ಕುಡಿಯುವ ನೀರು, ಕೃಷಿ ನೆರವಿನ ಫಲಾನುಭವಿಗಳ ಪಟ್ಟಿ ಇಲ್ಲಿ ಬರುತ್ತದೆ. ಕಟ್ಟಕ್ಕೆ ನೆರವು, ಮದಕದ ಹೂಳೆತ್ತುವಿಕೆ, ತೋಡಿನ ದಂಡೆಯ ದುರಸ್ತಿ ಎಲ್ಲವನ್ನೂ ಇಲ್ಲಿ ಕೇಳಬಹುದು. ಕೇಳದಿದ್ದರೆ ದುಡ್ಡು ರಸ್ತೆಗೂ ತಡೆಗೋಡೆಗೂ ಹೋಗುತ್ತದೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳು, ಕನ್ನಡ, ಹವ್ಯಕ, ಕೊಂಕಣಿ, ಮರಾಠಿ ಮಾತಾಡಿ, ಪೇಟೆಯಲ್ಲಿ ಮಲಯಾಳ ಮಾತಾಡುವವರಿಗೆ ಮಾತು ಅಡ್ಡಿಯಲ್ಲ, ಓದು ಅಡ್ಡಿ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಮಲಯಾಳದ ಅರ್ಜಿ ನಮೂನೆ, ನೋಟೀಸು ಓದಲು ಬಾರದು. ಸಭೆಯ ದಿನಾಂಕ ತಿಳಿಯದಿದ್ದರೆ ಹಕ್ಕು ಇದ್ದೂ ಇಲ್ಲದಂತೆ. ಮಳೆ ಎಚ್ಚರಿಕೆ, ರೋಗದ ಸೂಚನೆಗಳ ವಿಷಯದಲ್ಲಿ ಇದು ಜೀವದ ಪ್ರಶ್ನೆಯೂ ಆಗುತ್ತದೆ.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರ ವ್ಯವಹಾರ ನಡೆಸುವ ಹಕ್ಕನ್ನು ಗುರುತಿಸಿತ್ತು. ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಇದು ಕಾಸರಗೋಡಿಗೆ ಮಾತ್ರವಲ್ಲ, ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ಮಡಕಶಿರಾಗಳ ಕನ್ನಡಿಗರಿಗೂ ಅನ್ವಯಿಸುತ್ತದೆ. ಮನವಿಯನ್ನು ಕನ್ನಡದಲ್ಲಿ ಬರೆದು ರಾಜ್ಯಭಾಷೆಯ ಅನುವಾದವನ್ನೂ ಲಗತ್ತಿಸಿದರೆ ಕೆಲಸ ಬೇಗ ಸಾಗುತ್ತದೆ. ಎರಡೂ ಲಿಪಿ ಬಲ್ಲ ಯುವಕ ಯುವತಿಯರು ಪ್ರತಿ ವಾರ್ಡಿನಲ್ಲಿ ಇಬ್ಬರಾದರೂ ಈ ಕೆಲಸಕ್ಕೆ ಮುಂದಾದರೆ ದೊಡ್ಡ ಉಪಕಾರ.

ಎಂಡೋಸಲ್ಫಾನ್: ಊರೇ ಮೊದಲು ಕಂಡಿತು

1970ರ ದಶಕದ ಕೊನೆಯಿಂದ 2000ದ ತನಕ ಕೇರಳ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡೆಯ ಮೇಲಿನ ತೋಟದಿಂದ ವಿಷ ಬೈಲಿನ ತೋಡು, ಸುರಂಗ, ಬಾವಿಗಳಿಗೆ ಇಳಿಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ 11 ಪಂಚಾಯತುಗಳು ಬಾಧಿತವೆಂದು ಗುರುತಿಸಲ್ಪಟ್ಟವು.

ಇದನ್ನು ಮೊದಲು ಕಂಡವರು ಊರಿನವರು. ಜೇನುನೊಣಗಳು ಕಾಣೆಯಾದುದು, ಕರುಗಳು ಅಂಗವಿಕಲವಾಗಿ ಹುಟ್ಟಿದುದು ಕೃಷಿಕರ ಗಮನಕ್ಕೆ ಬಂತು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗುರುತಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೊರೆಹೋದರು. 2000ದಲ್ಲಿ ಸಿಂಪಡಣೆಗೆ ತಡೆ ಬಂತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ಉತ್ಪಾದನೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಹಣಕ್ಕಾಗಿ ಅನೇಕರು ಮತ್ತೆ ವರ್ಷಗಟ್ಟಲೆ ಕಾಯಬೇಕಾಯಿತು, ಧರಣಿ ಕೂರಬೇಕಾಯಿತು.

ಪರಿಹಾರ ಒಂದು ಸಲದ್ದು, ಆರೈಕೆ ದಿನದಿನದ್ದು. ಮಾನಸಿಕ, ದೈಹಿಕ ವಿಕಲತೆಯ ಮಕ್ಕಳಿಗಾಗಿ ಪಂಚಾಯತುಗಳು ಕುಟುಂಬಶ್ರೀಯ ಸಹಕಾರದಿಂದ ನಡೆಸುವ ಬಡ್ಸ್ ಶಾಲೆಗಳು, ಹಾಸಿಗೆ ಹಿಡಿದವರ ಮನೆಗೆ ಹೋಗುವ ಪಾಲಿಯೇಟಿವ್ ದಾದಿಯರು ಈ ಮನೆಗಳಿಗೆ ಆಧಾರ. ತಾಯಿಗೆ ಹಗಲು ನಾಲ್ಕು ಗಂಟೆ ಬಿಡುವು ಸಿಕ್ಕಿದರೆ ಆಕೆ ದುಡಿಯಲು ಹೋಗಬಲ್ಲಳು.

ಗಡಿ ಮುಚ್ಚಿದ ದಿನಗಳು

2020ರ ಮಾರ್ಚಿನಲ್ಲಿ ಕೊರೋನ ಕಾರಣಕ್ಕೆ ಕರ್ನಾಟಕ ತಲಪಾಡಿ ಮತ್ತಿತರ ಗಡಿ ರಸ್ತೆಗಳನ್ನು ಮುಚ್ಚಿತು. ಕೆಲವೆಡೆ ರಸ್ತೆಗೆ ಮಣ್ಣು ಸುರಿಯಲಾಯಿತು. ಡಯಾಲಿಸಿಸ್, ಹೃದ್ರೋಗ, ಹೆರಿಗೆ ಎಲ್ಲಕ್ಕೂ ಮಂಗಳೂರನ್ನೇ ನಂಬಿದ್ದ ಮಂಜೇಶ್ವರ, ಕಾಸರಗೋಡಿನ ಜನರಿಗೆ ಆಸ್ಪತ್ರೆಯ ದಾರಿ ತಪ್ಪಿತು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಜೀವಗಳು ಹೋದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಬೇಕೆಂದು ಆದೇಶಿಸಿತು. ನಂತರ ತುರ್ತು ರೋಗಿಗಳಿಗಾಗಿ ಎರಡು ರಾಜ್ಯಗಳ ನಡುವೆ ವ್ಯವಸ್ಥೆಯಾಯಿತು.

ಗಡಿಯ ಆಚೆಗಿನ ಆಸ್ಪತ್ರೆ, ಮಾರುಕಟ್ಟೆ, ಕಾಲೇಜುಗಳನ್ನು ಬಳಸುವುದು ಸಹಜ, ಅದು ತಪ್ಪಲ್ಲ. ಆದರೆ ಆ ದಾರಿ ಹದಿನೈದು ದಿನ ಮುಚ್ಚಿದರೆ ಏನು ಮಾಡುವುದು ಎಂಬ ಯೋಚನೆ ಗಡಿ ಊರುಗಳಿಗೆ ಇರಲೇಬೇಕು. ಡಯಾಲಿಸಿಸ್ ರೋಗಿಗಳ ಪಟ್ಟಿ, ಒಂದು ತಿಂಗಳ ಮದ್ದಿನ ದಾಸ್ತಾನು, ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಇರುವ ಸೌಲಭ್ಯಗಳ ಮಾಹಿತಿ ವಾರ್ಡಿನಲ್ಲಿ ಇರಬೇಕು.

ಬೇರೆ ಗಡಿನಾಡುಗಳಲ್ಲಿ

ವಯನಾಡು: 2019ರ ಆಗಸ್ಟಿನಲ್ಲಿ ಪುತ್ತುಮಲೆ, 2024ರ ಜುಲೈ 30ರ ಮುಂಜಾನೆ ಮುಂಡಕೈ–ಚೂರಲ್‌ಮಲೆಯ ಭೂಕುಸಿತಗಳು ಮೇಪ್ಪಾಡಿ ಪಂಚಾಯತನ್ನು ನಡುಗಿಸಿದವು. 2024ರ ದುರಂತದಲ್ಲಿ ನೂರಾರು ಮಂದಿ ಪ್ರಾಣ ಕಳೆದುಕೊಂಡರು. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಊರಿನವರ ನೆರವಿನಿಂದ ಜಿಲ್ಲೆಯಲ್ಲಿ ಸುಮಾರು 200 ಕಡೆ ಮಳೆ ಅಳೆಯುತ್ತಾ ಬಂದಿದೆ. ಅದರ ಲೆಕ್ಕದಿಂದ ಅಪಾಯದ ಸೂಚನೆ ಮೊದಲೇ ಸಿಕ್ಕಿತ್ತು. ಅಳತೆ ಇದ್ದರೆ ಸಾಲದು, ಅದನ್ನು ಕೇಳಿ ಮನೆ ಬಿಟ್ಟು ಹೋಗುವ ಏರ್ಪಾಡೂ ಇರಬೇಕು ಎಂಬುದು ಇಲ್ಲಿನ ಕಹಿ ಪಾಠ.

ಅನಂತಪುರ, ಕರ್ನೂಲು: ರಾಯದುರ್ಗ, ಮಡಕಶಿರಾ, ಆದೋನಿಗಳ ಕಡೆ ಮಳೆಯೇ ಕಡಿಮೆ. 2000ದ ದಶಕದಲ್ಲಿ ಅಂದಿನ ಆಂಧ್ರಪ್ರದೇಶದ ಅನಂತಪುರ, ಕರ್ನೂಲು ಸೇರಿ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಅಂತರ್ಜಲದ ಲೆಕ್ಕ ಇಡುವ ಯೋಜನೆ ನಡೆಯಿತು. ರೈತರು ಮಳೆ ಅಳೆದರು, ಬಾವಿಯ ನೀರಿನ ಮಟ್ಟ ಬರೆದಿಟ್ಟರು. ಹಿಂಗಾರು ಬಿತ್ತನೆಗೆ ಮೊದಲು ಊರೆಲ್ಲ ಕೂತು ಎಷ್ಟು ನೀರಿದೆ, ಯಾವ ಬೆಳೆಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿದರು. ಯಾರ ಮೇಲೂ ಬಲವಂತ ಇರಲಿಲ್ಲ. ಲೆಕ್ಕ ಕಣ್ಣೆದುರು ಇದ್ದುದರಿಂದ ಹಲವರು ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೋದರು.

ಸೊಲ್ಲಾಪುರ, ಸಾಂಗ್ಲಿ: 1972ರ ಬರವನ್ನು ಜತ್ತ, ಅಕ್ಕಲಕೋಟೆಯ ಹಿರಿಯರು ಇಂದಿಗೂ ಮರೆತಿಲ್ಲ. ಆ ಕಾಲದಲ್ಲಿ ಕೂಲಿಗಾಗಿ ನಡೆದ ಕೆರೆ, ಒಡ್ಡು, ರಸ್ತೆ ಕೆಲಸಗಳಿಂದ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಗಟ್ಟಿಯಾಯಿತು. ಇದರ ರೂವಾರಿ ವಿ. ಸ. ಪಾಗೆ ಸಾಂಗ್ಲಿ ಜಿಲ್ಲೆಯವರು. ಅದೇ ವಿಚಾರ ಮುಂದೆ 2005ರ ರಾಷ್ಟ್ರೀಯ ಕಾಯ್ದೆಗೆ ದಾರಿಯಾಯಿತು.

ಊರಿನವರು ಗಮನಿಸಬೇಕಾದ ಅಂಶಗಳು

1. ತೋಡಿನ ಉದ್ದಕ್ಕೂ ನಡೆದು ಹಿಂದೆ ಎಲ್ಲೆಲ್ಲಿ ಕಟ್ಟ ಇತ್ತು ಎಂದು ಹಿರಿಯರಿಂದ ಕೇಳಿ ಗುರುತು ಹಾಕಿಕೊಳ್ಳಬೇಕು. ಇದಕ್ಕೆ ಅಕ್ಟೋಬರ್ ತಿಂಗಳು ಸೂಕ್ತ.

2. ಕಟ್ಟ ಹಾಕುವ ದಿನ, ಆಳಿನ ಪಾಲು, ಹಣದ ಪಾಲು, ಬಿಡಿಸುವ ದಿನ ಇವನ್ನು ಬರೆದಿಟ್ಟು ಎಲ್ಲರ ಸಹಿ ಪಡೆಯಬೇಕು. ಭೂಮಿ ಇಲ್ಲದವರಿಂದ ಪಾಲು ಕೇಳಬಾರದು. ಅವರ ದುಡಿಮೆಗೆ ಕೂಲಿ ಕೊಡಬೇಕು.

3. ಬಳಸಿದ ಪ್ಲಾಸ್ಟಿಕ್ ಹಾಳೆ, ಚೀಲಗಳನ್ನು ಮಳೆಗೆ ಮೊದಲು ತೆಗೆಯಬೇಕು. ಇಲ್ಲವಾದರೆ ಅವು ಕೆಳಗಿನ ಗದ್ದೆಗೂ ಕಡಲಿಗೂ ಸೇರುತ್ತವೆ.

4. ಪ್ರತಿ ತಿಂಗಳು ಒಂದೇ ದಿನ ನಾಲ್ಕೈದು ಬಾವಿಗಳ ನೀರಿನ ಮಟ್ಟ ಅಳೆದು ಶಾಲೆಯ ಗೋಡೆಯಲ್ಲಿ ಬರೆಯಬಹುದು. ಮಕ್ಕಳಿಗೂ ಇದು ಒಳ್ಳೆಯ ಪಾಠ.

5. ಹಳೆಯ ಸುರಂಗಕ್ಕೆ ತಿಳಿದವರಿಲ್ಲದೆ ಇಳಿಯಬಾರದು. ಮಣ್ಣು ಕುಸಿಯುವ, ಗಾಳಿ ಇಲ್ಲದ ಅಪಾಯ ಇದೆ.

6. ನೆರೆಕರೆ ಕೂಟದ ಲೆಕ್ಕಪುಸ್ತಕ ಒಬ್ಬರ ಕೈಯಲ್ಲೇ ವರ್ಷಗಟ್ಟಲೆ ಇರಬಾರದು. ಲೆಕ್ಕದ ಅನುಮಾನದಿಂದ ಮುರಿದ ಕೂಟಗಳೇ ಹೆಚ್ಚು.

7. ಗ್ರಾಮಸಭೆಯ ನೋಟೀಸನ್ನು ಎರಡೂ ಭಾಷೆಯಲ್ಲಿ ಹಾಕುವಂತೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಬೇಕು.

8. ವೃದ್ಧರು, ವಿಕಲಚೇತನರು, ಗರ್ಭಿಣಿಯರು ಇರುವ ಮನೆಗಳ ಪಟ್ಟಿ ಮೇ ತಿಂಗಳೊಳಗೆ ಸಿದ್ಧವಿರಬೇಕು. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ದೂರವಾಣಿ 1077, ತುರ್ತು ಸೇವೆಗೆ 112.

ಈ ಎಂಟರಲ್ಲಿ ಹೆಚ್ಚಿನವಕ್ಕೆ ಸರಕಾರದ ಅನುಮತಿಯಾಗಲಿ ದೊಡ್ಡ ಮೊತ್ತದ ಹಣವಾಗಲಿ ಬೇಕಾಗಿಲ್ಲ. ಆದರೆ ಸಮಯ ಮೀರುತ್ತಿದೆ. ಸುರಂಗದ ಜಾಗ ಗುರುತಿಸಬಲ್ಲವರು, ಕಟ್ಟದ ಮಣ್ಣಿನ ಹದ ಬಲ್ಲವರು ಎಪ್ಪತ್ತು ದಾಟಿದ್ದಾರೆ. ಅವರಿರುವಾಗಲೇ ಊರಿನ ಹತ್ತು ಮಂದಿ ಯುವಕರು ಒಂದು ಬೇಸಿಗೆ ಅವರ ಜತೆ ತೋಡಿಗೆ ಇಳಿದರೆ ಆ ತಿಳಿವಳಿಕೆ ಇನ್ನೊಂದು ತಲೆಮಾರಿಗೆ ಉಳಿಯುತ್ತದೆ.